ಕಬ್ಬಿಣ ಕಾಯುವ ಕಾಂಕ್ರೀಟು: ಆರ್‌ಸಿಸಿ ಕಟ್ಟಡಗಳ ಪಾಲನೆ ಮತ್ತು ಸಂರಕ್ಷಣೆ

ಕಬ್ಬಿಣದ ಸಲಾಕೆಗಳನ್ನು ಒಡಲಲ್ಲಿಟ್ಟುಕೊಂಡ ಕಾಂಕ್ರೀಟು, ಅಂದರೆ ಕಟ್ಟಡ ಕೆಲಸದವರೆಲ್ಲ ಆರ್‌ಸಿಸಿ ಎಂದು ಕರೆಯುವ ಪ್ರಬಲಿತ ಕಾಂಕ್ರೀಟು, ಇಂದು ಹಳ್ಳಿಯ ಶಾಲೆಯ ತಾರಸಿಯಿಂದ ಹಿಡಿದು ನಗರದ ಬಹುಮಹಡಿ ವಸತಿ ಸಮುಚ್ಚಯದವರೆಗೆ ಎಲ್ಲೆಡೆಯೂ ಬಳಕೆಯಲ್ಲಿರುವ ಸಾಮಗ್ರಿಯಾಗಿದೆ. ಮಣ್ಣಿನ ಗೋಡೆಗೆ ವರ್ಷಕ್ಕೊಮ್ಮೆ ಮೆತ್ತಿಗೆ ಬೇಕು, ಹೆಂಚಿನ ಮಾಡಿಗೆ ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು ಎಂಬುದನ್ನು ಅರಿತಿದ್ದ ಸಮಾಜವೇ, ಕಾಂಕ್ರೀಟಿನ ಮನೆಯನ್ನು ಒಮ್ಮೆ ಕಟ್ಟಿಬಿಟ್ಟರೆ ಅದು ಬಂಡೆಯಂತೆ ತಲೆಮಾರುಗಳವರೆಗೆ ತಾನಾಗಿಯೇ ನಿಲ್ಲುತ್ತದೆಂದು ನಂಬತೊಡಗಿತು. ಈ ನಂಬಿಕೆ ನಿಜವಲ್ಲ. ಚೆನ್ನಾಗಿ ಕಟ್ಟಿದ ಕಾಂಕ್ರೀಟು ದೀರ್ಘಾಯುಷಿಯೇ ಹೌದಾದರೂ ಅದರ ಆಯುಸ್ಸು ಕ್ರಮಬದ್ಧವಾದ ಪಾಲನೆಯನ್ನು ಅವಲಂಬಿಸಿದೆ. ಆ ಪಾಲನೆಯು ಕಟ್ಟಡದ ಒಳಗೆ ಏನು ನಡೆಯುತ್ತಿದೆಯೆಂಬ ತಿಳಿವಳಿಕೆಯ ಮೇಲೆ ನಿಂತಾಗ ಮಾತ್ರ ಫಲ ಕೊಡುತ್ತದೆ.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಸ್ವಾಮ್ಯ ಪಡೆದ ಬಳಿಕ ಸಿಮೆಂಟು, ಮರಳು, ಜಲ್ಲಿ, ನೀರು ಸೇರಿದ ಕಾಂಕ್ರೀಟಿನ ಬಳಕೆ ಹೆಚ್ಚಿತು. ಈ ಕಾಂಕ್ರೀಟಿಗೆ ಒತ್ತಡವನ್ನು ತಾಳುವ ಶಕ್ತಿ ಅಪಾರವಾಗಿದ್ದರೂ ಎಳೆತವನ್ನು ತಾಳುವ ಶಕ್ತಿ ಅದರ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಎರಡು ಕಂಬಗಳ ಮೇಲೆ ನಿಂತ ತೊಲೆಯು ಭಾರಕ್ಕೆ ಬಾಗುವಾಗ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಸಿಕ್ಕುವುದರಿಂದ, ಎಳೆತ ಬೀಳುವ ಜಾಗದಲ್ಲಿ ಉಕ್ಕನ್ನು ಹುದುಗಿಸುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಹಲವರು ಕಂಡುಕೊಂಡರು. ತಂತಿಯ ಹೆಣಿಗೆಯಿಟ್ಟು ಮಾಡಿದ ಸಿಮೆಂಟಿನ ಹೂಕುಂಡಗಳಿಗೆ ಜೋಸೆಫ್ ಮೋನಿಯೆ 1867ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಕಂಬ, ತೊಲೆ, ಚಪ್ಪಡಿ ಮೂರನ್ನೂ ಒಂದೇ ಅಖಂಡ ಚೌಕಟ್ಟಾಗಿ ಎರಕ ಹೊಯ್ಯುವ ಕ್ರಮಕ್ಕೆ ಫ್ರಾಂಸ್ವಾ ಎನ್‌ಬಿಕ್ 1892ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಬಿಸಿಲಿಗೆ ಹಿಗ್ಗುವ, ಚಳಿಗೆ ಕುಗ್ಗುವ ಪ್ರಮಾಣವು ಉಕ್ಕಿಗೂ ಕಾಂಕ್ರೀಟಿಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇವೆರಡೂ ಪರಸ್ಪರ ಬಿಟ್ಟುಕೊಳ್ಳದೆ ಒಂದೇ ಅಂಗವಾಗಿ ದುಡಿಯುತ್ತವೆ.

ಈ ಜೋಡಿಯಲ್ಲಿ ಕಾಂಕ್ರೀಟು ಉಕ್ಕಿಗೆ ಮಾಡುವ ಉಪಕಾರ ಇನ್ನೊಂದಿದೆ. ಸಿಮೆಂಟು ನೀರಿನೊಡನೆ ವರ್ತಿಸಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಹೇರಳವಾಗಿ ಹುಟ್ಟುತ್ತದೆ; ಅದರಿಂದಾಗಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿರುವ ನೀರು ತೀವ್ರ ಕ್ಷಾರಗುಣವನ್ನು ಪಡೆದು, ಆಮ್ಲ ಮತ್ತು ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 12.5ರಿಂದ 13ರ ಆಸುಪಾಸಿನಲ್ಲಿರುತ್ತದೆ. ಇಂಥ ಕ್ಷಾರದ ನಡುವೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯೊಂದು ಮೂಡಿ ಸಲಾಕೆಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಸಲಾಕೆಯ ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗಿನ ದಪ್ಪಕ್ಕೆ ಕವರ್ ಎಂದು ಹೆಸರು. ಸೆಂಟ್ರಿಂಗ್ ಹಲಗೆಯ ಮೇಲೆ ಸಲಾಕೆಗಳನ್ನು ಕಟ್ಟುವಾಗ ಅವುಗಳ ಕೆಳಗೆ ಇರಿಸುವ ಪುಟ್ಟ ಕವರ್ ಬ್ಲಾಕುಗಳೇ ಈ ದಪ್ಪವನ್ನು ನಿರ್ಧರಿಸುತ್ತವೆ; ಅವನ್ನು ಇಡಲು ಮರೆತರೆ, ಅಥವಾ ಕಾಂಕ್ರೀಟು ಸುರಿಯುವಾಗ ಕೆಲಸದವರ ಕಾಲ್ತುಳಿತಕ್ಕೆ ಅವು ಉರುಳಿಹೋದರೆ, ಕಟ್ಟಡದ ಆಯುಸ್ಸಿನ ಒಂದು ಪಾಲು ಅಂದೇ ಕಳೆದುಹೋಗುತ್ತದೆ. ಭಾರತೀಯ ಮಾನಕವಾದ ಐಎಸ್ 456ರ 1978ರ ಆವೃತ್ತಿಯಲ್ಲಿ ಚಪ್ಪಡಿಗೆ ಕನಿಷ್ಠ 15 ಮಿಲಿಮೀಟರ್ ಕವರ್ ಸಾಕೆಂದಿತ್ತು. 2000ದ ಆವೃತ್ತಿಯು ಪರಿಸರದ ಕಾಠಿಣ್ಯವನ್ನು ಐದು ವರ್ಗಗಳಾಗಿ ವಿಂಗಡಿಸಿ, ಸೌಮ್ಯ ಪರಿಸರಕ್ಕೆ 20 ಮಿಲಿಮೀಟರಿನಿಂದ ಅತ್ಯಂತ ಕಠಿಣ ಪರಿಸರಕ್ಕೆ 75 ಮಿಲಿಮೀಟರಿನವರೆಗೆ ಕವರನ್ನು ನಿಗದಿಪಡಿಸಿತು. ಹಿಂದಿನ ತಲೆಮಾರಿನ ಕಟ್ಟಡಗಳಿಗೆ ಹೆಚ್ಚಿನ ನಿಗಾ ಬೇಕೆನ್ನಲು ಇದೊಂದು ಕಾರಣವೇ ಸಾಕು.

ಕ್ಷಾರದ ಈ ರಕ್ಷಣೆ ಎರಡು ಬಗೆಯಲ್ಲಿ ಕಳಚುತ್ತದೆ. ಮೊದಲನೆಯದು ಕಾರ್ಬೊನೀಕರಣ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನ ರಂಧ್ರಗಳ ಮೂಲಕ ಒಳಹೊಕ್ಕು ಸುಣ್ಣದೊಂದಿಗೆ ವರ್ತಿಸಿ ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಮಾರ್ಪಡಿಸುತ್ತದೆ. ಕ್ಷಾರಗುಣ ಕುಂದಿ ಪಿಎಚ್ 9ಕ್ಕಿಂತ ಕೆಳಗಿಳಿದಾಗ ಸಲಾಕೆಯ ಮೇಲಿನ ಪೊರೆ ನಾಶವಾಗುತ್ತದೆ. ಈ ಬದಲಾವಣೆ ಹೊರಮೈಯಲ್ಲಿ ಆರಂಭವಾಗಿ ಮೆಲ್ಲಮೆಲ್ಲನೆ ಒಳಕ್ಕೆ ಸರಿಯುತ್ತದೆ, ಮತ್ತು ಅದು ಸಾಗುವ ಆಳವು ಸ್ಥೂಲವಾಗಿ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಹತ್ತು ವರ್ಷಗಳಲ್ಲಿ 10 ಮಿಲಿಮೀಟರ್ ಒಳಸರಿದರೆ 20 ಮಿಲಿಮೀಟರ್ ತಲುಪಲು ನಲವತ್ತು ವರ್ಷ ಬೇಕಾಗುತ್ತದೆ; ಕವರಿನ ದಪ್ಪ ಅರ್ಧವಾದರೆ ರಕ್ಷಣೆಯ ಅವಧಿ ಕಾಲುಭಾಗಕ್ಕಿಳಿಯುತ್ತದೆ ಎಂಬುದೇ ಇದರ ಅರ್ಥ. ನೀರು ಹೆಚ್ಚಾಗಿ ಬೆರೆಸಿದ, ಸರಿಯಾಗಿ ದಮ್ಮಸು ಮಾಡದ, ಎರಕದ ನಂತರ ಸಾಕಷ್ಟು ದಿನ ನೀರುಣಿಸದ ಕಾಂಕ್ರೀಟಿನಲ್ಲಿ ರಂಧ್ರಗಳು ಹೆಚ್ಚಿರುವುದರಿಂದ ಕಾರ್ಬೊನೀಕರಣದ ವೇಗವೂ ಹೆಚ್ಚು. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥವು ಬೆರೆತ ಸಿಮೆಂಟಿನದಕ್ಕೆ ಕನಿಷ್ಠ 10 ದಿನ, ಒಣ ಬಿಸಿಲಿನ ಹವೆಯಲ್ಲಿ ಇನ್ನೂ ಹೆಚ್ಚು ದಿನ ನೀರುಣಿಸಬೇಕೆಂದು ಮಾನಕವು ವಿಧಿಸಿರುವುದರ ಹಿಂದೆ ಕಾಂಕ್ರೀಟಿನ ಬಲದಷ್ಟೇ ಅದರ ಬಾಳಿಕೆಯ ಚಿಂತನೆಯೂ ಇದೆ.

ಎರಡನೆಯದು ಕ್ಲೋರೈಡಿನ ದಾಳಿ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಕಡಲಗಾಳಿ ಹೊತ್ತು ತರುವ ಉಪ್ಪಿನ ಕಣಗಳು ಕಾಂಕ್ರೀಟಿನ ಮೇಲೆ ಕುಳಿತು, ಮಳೆಯಲ್ಲಿ ಕರಗಿ ಒಳಗಿಳಿಯುತ್ತವೆ. ತೊಳೆಯದ ಸಮುದ್ರದ ಮರಳು, ಉಪ್ಪುಮಿಶ್ರಿತ ಬಾವಿಯ ನೀರು, ಒಂದು ಕಾಲದಲ್ಲಿ ಕಾಂಕ್ರೀಟು ಬೇಗ ಗಟ್ಟಿಯಾಗಲೆಂದು ಬೆರೆಸುತ್ತಿದ್ದ ಕ್ಯಾಲ್ಸಿಯಂ ಕ್ಲೋರೈಡು ಇವೆಲ್ಲ ಕಟ್ಟುವ ದಿನವೇ ಶತ್ರುವನ್ನು ಒಳಗೆ ಬಿಟ್ಟುಕೊಂಡಂತೆ. ಕ್ಲೋರೈಡು ಒಂದು ಮಿತಿಯನ್ನು ಮೀರಿ ಸಲಾಕೆಯನ್ನು ತಲುಪಿದರೆ, ಸುತ್ತಲಿನ ಕ್ಷಾರಗುಣ ಹಾಗೆಯೇ ಉಳಿದಿದ್ದರೂ, ಪೊರೆಯನ್ನು ಅಲ್ಲಲ್ಲಿ ಭೇದಿಸಿ ಉಕ್ಕಿನಲ್ಲಿ ಆಳವಾದ ಕುಳಿಗಳನ್ನು ಕೊರೆಯುತ್ತದೆ. ಈ ಕ್ರಿಯೆಯಲ್ಲಿ ಅದು ತಾನು ಖರ್ಚಾಗದೆ ಮತ್ತೆ ಮತ್ತೆ ಅದೇ ಕೆಲಸವನ್ನು ಮುಂದುವರಿಸುತ್ತದೆ. ಕಾರ್ಬೊನೀಕರಣದಿಂದ ಬರುವ ತುಕ್ಕು ಸಲಾಕೆಯ ಉದ್ದಕ್ಕೂ ಹರಡಿ ಬಿರುಕಿನ ರೂಪದಲ್ಲಿ ತನ್ನ ಸುಳಿವನ್ನು ಕೊಡುತ್ತದೆ. ಕ್ಲೋರೈಡಿನ ಕುಳಿಯಾದರೋ ಹೊರಗೆ ಹೆಚ್ಚಿನ ಗುರುತು ತೋರದೆಯೇ ಸಲಾಕೆಯ ದಪ್ಪವನ್ನು ಕರಗಿಸಿಬಿಡಬಲ್ಲದು. ಆದುದರಿಂದ ಕರಾವಳಿಯ ಕಟ್ಟಡಗಳಿಗೆ ಒಳನಾಡಿನ ಕಟ್ಟಡಗಳ ಅಳತೆಗೋಲನ್ನು ಹಿಡಿಯುವುದು ಸಲ್ಲದು.

ಪೊರೆ ನಾಶವಾದ ಮೇಲೂ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಸದಾ ಒಣಗಿರುವ ಒಳಕೋಣೆಯ ಚಪ್ಪಡಿ ಪೂರ್ತಿ ಕಾರ್ಬೊನೀಕರಣಗೊಂಡಿದ್ದರೂ ದೀರ್ಘಕಾಲ ಸುರಕ್ಷಿತವಾಗಿ ಉಳಿಯುವುದಕ್ಕೂ, ಅದೇ ಮನೆಯ ಸಜ್ಜಾ, ಬಾಲ್ಕನಿ, ಬಚ್ಚಲುಮನೆಯ ಕೆಳಗಿನ ಚಾವಣಿ, ನೀರಿನ ತೊಟ್ಟಿಯ ತಳ ಇವು ಮೊದಲು ಹಾಳಾಗುವುದಕ್ಕೂ ಇದೇ ಕಾರಣ. ನೆನೆಯುವುದೂ ಒಣಗುವುದೂ ಸರದಿಯಲ್ಲಿ ನಡೆಯುವ ಜಾಗಗಳವು. ಉಕ್ಕು ತುಕ್ಕಾದಾಗ ಅದರ ಗಾತ್ರವು ಮೊದಲಿನ ಎರಡರಿಂದ ಆರು ಪಟ್ಟಿನವರೆಗೆ ಹಿಗ್ಗುತ್ತದೆ. ಹಿಗ್ಗಿದ ತುಕ್ಕು ಒಳಗಿನಿಂದ ಕವರನ್ನು ನೂಕುತ್ತದೆ. ಮೊದಲು ಸಲಾಕೆಯ ಜಾಡಿನಲ್ಲೇ ಕೂದಲೆಳೆಯಂಥ ಬಿರುಕು ಮೂಡುತ್ತದೆ, ಬಳಿಕ ಅಲ್ಲಿ ಕಂದು ಕಲೆ ಕಾಣಿಸಿಕೊಳ್ಳುತ್ತದೆ, ಆಮೇಲೆ ಕಾಂಕ್ರೀಟು ಉಬ್ಬಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಬಿರುಕಿನಲ್ಲಿ ನೀರು ಇನ್ನಷ್ಟು ಸುಲಭವಾಗಿ ಇಳಿಯುವುದರಿಂದ ಪ್ರತಿಯೊಂದು ಹಂತವೂ ಮುಂದಿನದನ್ನು ತ್ವರೆಗೊಳಿಸುತ್ತದೆ. ಈ ಸರಪಳಿಯಲ್ಲಿ ಮನೆಯವರ ಕೈಗೆ ಸುಲಭವಾಗಿ ಸಿಗುವ ಕೊಂಡಿಯೆಂದರೆ ನೀರು; ನೀರನ್ನು ದೂರವಿಡುವುದೇ ಕಾಂಕ್ರೀಟಿನ ಪಾಲನೆಯ ಮೊದಲ ಸೂತ್ರ.

ಹಾಳಾಗುತ್ತಿರುವ ಕಟ್ಟಡಕ್ಕೆ ಚಿಕಿತ್ಸೆ ನಿರ್ಧರಿಸುವ ಮೊದಲು ರೋಗದ ಕಾರಣವನ್ನು ಪತ್ತೆಹಚ್ಚಬೇಕು. ಪರೀಕ್ಷೆಗಳಲ್ಲಿ ಅತಿ ಸರಳವಾದದ್ದು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದು: ಗಟ್ಟಿಯಾದ ಕಾಂಕ್ರೀಟು ಖಣಿಲೆನ್ನುತ್ತದೆ, ಒಳಗೇ ಪದರ ಬಿಟ್ಟಿರುವ ಕಾಂಕ್ರೀಟು ಬೊಳ್ಳು ಸದ್ದು ಕೊಡುತ್ತದೆ. ಕಾರ್ಬೊನೀಕರಣದ ಆಳವನ್ನು ತಿಳಿಯಲು ಹೊಸದಾಗಿ ಒಡೆದ ಮೈಯಿಂದ ಧೂಳನ್ನು ಒರೆಸಿ ಫಿನಾಲ್ಫ್‌ಥಲೀನ್ ದ್ರಾವಣವನ್ನು ಸಿಂಪಡಿಸುತ್ತಾರೆ. ಕ್ಷಾರಗುಣ ಉಳಿದಿರುವ ಒಳಭಾಗ ಕೆಲವೇ ಕ್ಷಣಗಳಲ್ಲಿ ಕಡುಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕ್ಷಾರ ಕಳೆದುಕೊಂಡ ಹೊರಭಾಗ ಬಣ್ಣ ತಾಳದೆ ಬೂದುಬಣ್ಣದಲ್ಲೇ ಉಳಿಯುತ್ತದೆ. ಬೂದುಬಣ್ಣದ ಆ ಪಟ್ಟಿ ಸಲಾಕೆಯನ್ನು ಮುಟ್ಟಿದೆಯೋ ಇಲ್ಲವೋ ಎಂಬುದನ್ನು ಅಳತೆಪಟ್ಟಿಯಿಟ್ಟು ಯಾರು ಬೇಕಾದರೂ ನೋಡಬಹುದು. ಕಾಂಕ್ರೀಟಿನ ಮೂಲಕ ಶ್ರವಣಾತೀತ ಧ್ವನಿಯನ್ನು ಹಾಯಿಸಿ ಅದರ ವೇಗವನ್ನು ಅಳೆಯುವುದು ಇನ್ನೊಂದು ಕ್ರಮ, ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ಹೆಚ್ಚಿನ ವೇಗವು ಉತ್ತಮ ಕಾಂಕ್ರೀಟನ್ನೂ, 3 ಕಿಲೋಮೀಟರಿಗಿಂತ ಕಡಿಮೆಯಾದದ್ದು ಸಂದೇಹಾಸ್ಪದ ಕಾಂಕ್ರೀಟನ್ನೂ ಸೂಚಿಸುತ್ತದೆ. ಸಲಾಕೆಗೂ ಮೇಲ್ಮೈಯ ಮೇಲಿಟ್ಟ ತಾಮ್ರ ಮತ್ತು ತಾಮ್ರದ ಸಲ್ಫೇಟಿನ ವಿದ್ಯುದ್ವಾರಕ್ಕೂ ನಡುವಣ ವಿಭವಾಂತರವನ್ನು ಅಳೆದಾಗ ಅದು ಋಣ 350 ಮಿಲಿವೋಲ್ಟಿಗಿಂತಲೂ ಕೆಳಗಿದ್ದರೆ ಅಲ್ಲಿ ತುಕ್ಕು ಸಕ್ರಿಯವಾಗಿರುವ ಸಂಭವ ಶೇಕಡ 90ಕ್ಕಿಂತ ಹೆಚ್ಚು ಎಂದು ಪರಿಗಣಿಸಲಾಗುತ್ತದೆ. ಇವುಗಳಲ್ಲಿ ಯಾವುದೊಂದೂ ತಾನೊಂದೇ ತೀರ್ಪು ಹೇಳಲಾರದು. ಹಲವು ಪರೀಕ್ಷೆಗಳ ಫಲವನ್ನು ಕಟ್ಟಡದ ನಕ್ಷೆ, ವಯಸ್ಸು, ಸೋರಿಕೆಯ ಇತಿಹಾಸ ಇವುಗಳೊಂದಿಗೆ ಹೊಂದಿಸಿ ನೋಡಬಲ್ಲ ಅನುಭವಿ ಸ್ಟ್ರಕ್ಚರಲ್ ಎಂಜಿನಿಯರರ ವಿವೇಚನೆ ಅಗತ್ಯ.

ದುರಸ್ತಿಯ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸ ಈ ವಿವೇಚನೆಗೆ ವಿರುದ್ಧವಾದದ್ದು. ಉದುರಿದ ಜಾಗಕ್ಕೆ ಸಿಮೆಂಟು ಗಾರೆ ಮೆತ್ತಿ, ಮೇಲೆ ಬಣ್ಣ ಬಳಿದರೆ ಹುಣ್ಣು ಮುಚ್ಚಿತೆಂಬ ಸಮಾಧಾನ ಸಿಗುತ್ತದೆಯೇ ಹೊರತು ಒಳಗೆ ತುಕ್ಕು ಬೆಳೆಯುವುದು ನಿಲ್ಲುವುದಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆತ್ತಿದ ಗಾರೆಯೇ ಕಳಚಿ ಬೀಳುತ್ತದೆ. ಕ್ರಮವಾದ ದುರಸ್ತಿಯಲ್ಲಿ ಮೊದಲು ತೊಲೆಗೂ ಚಪ್ಪಡಿಗೂ ತಾತ್ಕಾಲಿಕ ಆಧಾರ ಕೊಟ್ಟು, ಸಡಿಲಗೊಂಡ ಕಾಂಕ್ರೀಟನ್ನೆಲ್ಲ ಗಟ್ಟಿ ಮೈ ಸಿಗುವವರೆಗೆ ಕೆತ್ತಿ ತೆಗೆಯಬೇಕು. ಸಲಾಕೆಯ ಮುಂಭಾಗವನ್ನು ಮಾತ್ರ ಬಿಡಿಸಿದರೆ ಸಾಲದು, ಅದರ ಹಿಂದೆಯೂ ಬೆರಳು ಹೋಗುವಷ್ಟು, ಅಂದರೆ ಸುಮಾರು 20 ಮಿಲಿಮೀಟರ್, ತೆರವು ಮಾಡಬೇಕು; ತೇಪೆಯ ಅಂಚುಗಳನ್ನು ನೇರವಾಗಿ ಕತ್ತರಿಸಿ ಸಮನಾದ ಆಳ ಕೊಡಬೇಕು, ಏಕೆಂದರೆ ಅಂಚಿನಲ್ಲಿ ತೆಳುವಾಗುತ್ತ ಹೋಗುವ ತೇಪೆ ಅಲ್ಲಿಂದಲೇ ಎದ್ದುಬರುತ್ತದೆ. ಸಲಾಕೆಯ ತುಕ್ಕನ್ನು ಲೋಹದ ಹೊಳಪು ಕಾಣುವವರೆಗೆ ಉಜ್ಜಿ, ದಪ್ಪ ಬಹಳವಾಗಿ ಸವೆದಿದ್ದಲ್ಲಿ ಎಂಜಿನಿಯರರ ಲೆಕ್ಕದಂತೆ ಹೊಸ ಸಲಾಕೆಯನ್ನು ಜೋಡಿಸಿ, ತುಕ್ಕುನಿರೋಧಕ ಲೇಪವನ್ನು ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯನ್ನಾಗಲಿ ಸಣ್ಣ ಜಲ್ಲಿಯ ಕಾಂಕ್ರೀಟನ್ನಾಗಲಿ ಪದರ ಪದರವಾಗಿ ತುಂಬಿ, ಆ ಸಾಮಗ್ರಿಗೆ ತಕ್ಕಂತೆ ಕ್ಯೂರಿಂಗ್ ಮಾಡಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆ ಪ್ರಕಟಿಸಿರುವ ಆರ್‌ಸಿಸಿ ಕಟ್ಟಡಗಳ ದುರಸ್ತಿ ಮತ್ತು ಪುನಶ್ಚೇತನದ ಕೈಪಿಡಿ ಈ ಕ್ರಮಗಳನ್ನು ವಿವರವಾಗಿ ನಿರೂಪಿಸುತ್ತದೆ.

ಉಪ್ಪು ಸೇರಿದ ಕಾಂಕ್ರೀಟಿನಲ್ಲಾದರೆ ಇಂಥ ಅಚ್ಚುಕಟ್ಟಾದ ತೇಪೆಯೂ ಹೊಸ ತೊಂದರೆಗೆ ದಾರಿಯಾಗಬಲ್ಲದು. ಒಂದೇ ಸಲಾಕೆಯ ಒಂದು ಭಾಗ ಶುದ್ಧವಾದ ಹೊಸ ಗಾರೆಯಲ್ಲೂ ಪಕ್ಕದ ಭಾಗ ಉಪ್ಪಿನ ಹಳೆಯ ಕಾಂಕ್ರೀಟಿನಲ್ಲೂ ಇರುವಾಗ ಅವೆರಡರ ನಡುವೆ ವಿದ್ಯುತ್ಕೋಶವೊಂದು ಏರ್ಪಟ್ಟು, ತೇಪೆಯ ಸುತ್ತಲಿನ ಅಂಚಿನಲ್ಲಿ ತುಕ್ಕು ಹೊಸದಾಗಿ ಆರಂಭವಾಗುತ್ತದೆ. ಇದನ್ನು ತಡೆಯಲು ಉಕ್ಕಿಗಿಂತ ಸುಲಭವಾಗಿ ಸವೆಯುವ ಸತುವಿನ ತುಂಡುಗಳನ್ನು ತೇಪೆಯೊಳಗೆ ಸಲಾಕೆಗೆ ಕಟ್ಟಿ, ಸಲಾಕೆಗೆ ಬದಲಾಗಿ ಸತುವೇ ಸವೆಯುವಂತೆ ಮಾಡುತ್ತಾರೆ. ದೊಡ್ಡ ರಚನೆಗಳಲ್ಲಿ ಹೊರಗಿನಿಂದ ಅಲ್ಪ ಪ್ರಮಾಣದ ವಿದ್ಯುತ್ತನ್ನು ನಿರಂತರವಾಗಿ ಹರಿಸಿ ಸಲಾಕೆಗಳನ್ನು ಕಾಯುವ ಕ್ರಮವೂ ಇದೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯು ದೀರ್ಘಕಾಲದಿಂದ ಲೋಹಗಳ ಸವೆತದ ಅಧ್ಯಯನದಲ್ಲಿ ತೊಡಗಿದ್ದು, ಸಲಾಕೆಗಳಿಗೆ ಹಚ್ಚುವ ರಕ್ಷಕ ಲೇಪಗಳನ್ನೂ ರೂಪಿಸಿದೆ.

ಇಲ್ಲಿಯವರೆಗಿನ ವಿವರಣೆ ಕಟ್ಟಡವು ಬೀಳದಂತೆ ಕಾಯುವುದಕ್ಕೆ ಸಂಬಂಧಿಸಿದ್ದು. ಕಟ್ಟಡವೊಂದು ನಾಡಿನ ಪರಂಪರೆಯ ಭಾಗವಾಗಿದ್ದಾಗ ಅದರ ರೂಪ, ಬಣ್ಣ, ಮೈಯ ಒರಟುತನ ಇವೆಲ್ಲವನ್ನೂ ಕಾಯುವ ಹೊಣೆ ಅದರೊಂದಿಗೆ ಕೂಡಿಕೊಳ್ಳುತ್ತದೆ. ಫ್ರೆಂಚ್ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ರೂಪಿಸಿದ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣದ ಸಚಿವಾಲಯ, ಉಚ್ಚ ನ್ಯಾಯಾಲಯ, ವಿಧಾನಸಭೆಗಳು 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ಲಾಸ್ಟರಾಗಲಿ ಬಣ್ಣವಾಗಲಿ ಇಲ್ಲದೆ, ಸೆಂಟ್ರಿಂಗಿನ ಗುರುತುಗಳನ್ನು ಹೊತ್ತ ಬರಿಮೈ ಕಾಂಕ್ರೀಟೇ ಅವುಗಳ ಚೆಲುವು. ಇಂಥ ಗೋಡೆಗೆ ಮಾರುಕಟ್ಟೆಯಲ್ಲಿ ಸಿಗುವ ಬೂದುಬಣ್ಣದ ಗಾರೆಯನ್ನು ತೇಪೆ ಹಾಕಿದರೆ ಸಲಾಕೆ ಉಳಿದೀತು, ಕಟ್ಟಡದ ಮುಖ ಮಾತ್ರ ಕೆಡುತ್ತದೆ. ಆದುದರಿಂದ ಸಂರಕ್ಷಕರು ಮೂಲ ಕಾಂಕ್ರೀಟಿನ ಮರಳು ಮತ್ತು ಜಲ್ಲಿಯ ಬಣ್ಣ, ಗಾತ್ರ, ಸಿಮೆಂಟಿನ ಛಾಯೆ ಇವನ್ನು ಅಧ್ಯಯನ ಮಾಡಿ, ಹಲವು ಮಿಶ್ರಣಗಳ ಮಾದರಿಗಳನ್ನು ಬಿಸಿಲು ಮಳೆಗೆ ಒಡ್ಡಿ ನೋಡಿ, ಹಲಗೆಯ ಗುರುತನ್ನೂ ಹೊಂದಿಸಿ ತೇಪೆ ಹಾಕುತ್ತಾರೆ. ಪಿಯರ್ ಜಾನ್ನರೆ ರೂಪಿಸಿದ ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನದ ಸಂರಕ್ಷಣಾ ಯೋಜನೆಗೆ ಅಮೆರಿಕದ ಗೆಟ್ಟಿ ಪ್ರತಿಷ್ಠಾನ ನೆರವು ನೀಡಿದೆ. ಸ್ಮಾರಕಗಳ ಅಂತಾರಾಷ್ಟ್ರೀಯ ಮಂಡಳಿಯಾದ ಇಕೊಮಾಸ್ 2017ರಲ್ಲಿ ಹೊರತಂದ ಮ್ಯಾಡ್ರಿಡ್–ನವದೆಹಲಿ ದಸ್ತಾವೇಜು ಇಪ್ಪತ್ತನೆಯ ಶತಮಾನದ ಕಟ್ಟಡಗಳ ಸಂರಕ್ಷಣೆಗೆ ಮಾರ್ಗಸೂಚಿಯಾಗಿದ್ದು, ಮೊದಲು ಮಹತ್ವವನ್ನು ಅರಿಯುವುದು, ಬಳಿಕ ಎಷ್ಟು ಅಗತ್ಯವೋ ಅಷ್ಟೇ ಕೈಹಾಕುವುದು, ಮಾಡಿದ್ದನ್ನೆಲ್ಲ ದಾಖಲಿಸುವುದು ಎಂಬ ನೀತಿಯನ್ನು ಎತ್ತಿಹಿಡಿಯುತ್ತದೆ.

ಈ ದಸ್ತಾವೇಜು ಹೊರಬಂದ ವರ್ಷವೇ ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ನೆಲಸಮವಾಯಿತು. ಸ್ವಾತಂತ್ರ್ಯದ 25ನೆಯ ವರ್ಷದ ಸಂದರ್ಭದಲ್ಲಿ, 1972ರ ಅಂತಾರಾಷ್ಟ್ರೀಯ ವಾಣಿಜ್ಯ ಮೇಳಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ರೂಪಿಸಿದ ಆ ಭವನದಲ್ಲಿ, ಬೇರೆ ದೇಶಗಳಲ್ಲಿ ಉಕ್ಕಿನ ಕೊಳವೆಗಳಿಂದ ಕಟ್ಟುತ್ತಿದ್ದ ಜಾಲಚೌಕಟ್ಟನ್ನು ಭಾರತದ ಕೆಲಸಗಾರರು ಸ್ಥಳದಲ್ಲೇ ಕಾಂಕ್ರೀಟು ಎರೆದು ನಿರ್ಮಿಸಿದ್ದರು. ಅರವತ್ತು ವರ್ಷ ತುಂಬದ ಕಟ್ಟಡಗಳನ್ನು ಪರಂಪರೆಯೆಂದು ಪರಿಗಣಿಸಲಾಗದೆಂಬ ನಿಲುವಿನಿಂದಾಗಿ ಅದಕ್ಕೆ ರಕ್ಷಣೆ ದೊರೆಯದೆ, 2017ರ ಏಪ್ರಿಲ್‌ನಲ್ಲಿ ಅದನ್ನು ಕೆಡವಲಾಯಿತು. ಸ್ವತಂತ್ರ ಭಾರತವು ತನ್ನ ಕೈಯಾರೆ ಕಟ್ಟಿಕೊಂಡ ಶಾಲೆ, ಗ್ರಂಥಾಲಯ, ರಂಗಮಂದಿರ, ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಾಂಕ್ರೀಟಿನವೇ ಆಗಿರುವುದರಿಂದ, ವಯಸ್ಸನ್ನಷ್ಟೇ ಅಳೆಯುವ ಈ ದೃಷ್ಟಿ ಬದಲಾಗದಿದ್ದರೆ ಆ ಕಾಲದ ಪ್ರಯತ್ನಗಳ ಕುರುಹೇ ಉಳಿಯಲಾರದು.

ಪಾಲನೆಯಿಂದ ಕಾಂಕ್ರೀಟಿನ ಕಟ್ಟಡ ಎಷ್ಟು ಕಾಲ ಹೊಸದರಂತೆ ಬಾಳಬಲ್ಲದೆಂಬುದಕ್ಕೆ ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹ ನಿದರ್ಶನವಾಗಿದೆ. ಆಂಟೊನಿನ್ ರೇಮಂಡ್ ರೂಪಿಸಿದ, ಜಾರ್ಜ್ ನಕಾಶಿಮಾ ಮೊದಲಾದವರು ಸ್ಥಳದಲ್ಲಿದ್ದು ಕಟ್ಟಿಸಿದ ಈ ಕಟ್ಟಡದ ಕೆಲಸ 1930ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಿ 1940ರ ದಶಕದಲ್ಲಿ ಮುಗಿಯಿತು; ಭಾರತದಲ್ಲಿ ಬರಿಮೈ ಕಾಂಕ್ರೀಟಿನ ಆಧುನಿಕ ಕಟ್ಟಡಗಳ ಪೈಕಿ ಇದು ಅತಿ ಮೊದಲಿನವುಗಳಲ್ಲೊಂದು. ಚಪ್ಪಡಿಯ ಮೇಲೆ ಬಾಗಿದ ಕಾಂಕ್ರೀಟು ಹೆಂಚುಗಳ ಇನ್ನೊಂದು ಹೊದಿಕೆಯಿದ್ದು, ಅವೆರಡರ ನಡುವೆ ಗಾಳಿಯಾಡುವುದರಿಂದ ಬಿಸಿಲು ನೇರವಾಗಿ ಚಪ್ಪಡಿಯನ್ನು ಸುಡುವುದಿಲ್ಲ. ಕಡಲಿಗೆ ಹತ್ತಿರದಲ್ಲಿದ್ದರೂ ಅದು ಇಂದಿಗೂ ಮೊದಲಿನ ಉದ್ದೇಶಕ್ಕೇ ಬಳಕೆಯಾಗುತ್ತಿದೆ; ಎಚ್ಚರಿಕೆಯ ನಿರ್ಮಾಣದ ಜೊತೆಗೆ, ಶುಚಿ ಮತ್ತು ಸಣ್ಣಪುಟ್ಟ ದುರಸ್ತಿಗಳನ್ನು ನಿತ್ಯದ ಸಾಧನೆಯಂತೆ ನಡೆಸಿಕೊಂಡು ಬಂದಿರುವ ಆಶ್ರಮವಾಸಿಗಳ ಶಿಸ್ತೇ ಇದಕ್ಕೆ ಕಾರಣ.

ಈ ಶಿಸ್ತನ್ನು ಸಾಮಾನ್ಯ ಮನೆಗಳಲ್ಲಿಯೂ ಸಾರ್ವಜನಿಕ ಕಟ್ಟಡಗಳಲ್ಲಿಯೂ ರೂಢಿಸಿಕೊಳ್ಳುವುದಕ್ಕೆ ದೊಡ್ಡ ವೆಚ್ಚವೇನೂ ಬೇಕಾಗುವುದಿಲ್ಲ. ಮುಂಗಾರಿಗೆ ಮುಂಚೆ ತಾರಸಿಯ ಕಸವನ್ನು ತೆಗೆದು, ಮಳೆನೀರಿನ ಕೊಳವೆಗಳ ಬಾಯಿ ಬಿಡಿಸಿ, ನೀರು ನಿಲ್ಲುವ ತಗ್ಗುಗಳನ್ನು ಸರಿಪಡಿಸುವುದು. ಗೋಡೆಯ ಸಂದಿಯಲ್ಲಿ ಚಿಗುರಿದ ಅರಳಿ, ಆಲದ ಸಸಿಗಳನ್ನು ಬೇರು ಸಹಿತ ಕೀಳುವುದು. ಬಚ್ಚಲು ಮತ್ತು ತೊಟ್ಟಿಗಳ ಸೋರಿಕೆಯನ್ನು ಕಂಡ ಕೂಡಲೇ ನಿಲ್ಲಿಸುವುದು. ಸಜ್ಜಾದ ಕೆಳಗೆ ನೀರು ಹಿಂದಕ್ಕೆ ಹರಿಯದಂತೆ ಗೀರು ಇರುವುದನ್ನು ಖಚಿತಪಡಿಸಿಕೊಳ್ಳುವುದು. ಹೊರಮೈಗೆ ಕಾಲಕಾಲಕ್ಕೆ ರಕ್ಷಕ ಬಣ್ಣ ಕೊಡಿಸುವುದು. ಇವು ಪ್ರತಿಯೊಬ್ಬರೂ ಮಾಡಬಹುದಾದ ಕೆಲಸಗಳು. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪ್ರತಿ ಕೋಣೆಯ ಚಾವಣಿಯನ್ನು ನೋಡಿ, ಬಿರುಕು ಎಲ್ಲಿದೆ, ಎಷ್ಟು ಉದ್ದವಿದೆ, ಕಳೆದ ಬಾರಿಗಿಂತ ಬೆಳೆದಿದೆಯೇ ಎಂಬುದನ್ನು ದಿನಾಂಕದೊಡನೆ ಬರೆದಿಟ್ಟರೆ ಅದು ಮುಂದೆ ಎಂಜಿನಿಯರರಿಗೆ ಅತ್ಯಮೂಲ್ಯ ಸಾಕ್ಷಿಯಾಗುತ್ತದೆ. ತೊಲೆ, ಕಂಬಗಳನ್ನು ಕೊರೆದು ಕೊಳವೆ ತೂರಿಸುವುದಾಗಲಿ, ಎರಡು ಅಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ ನಾಲ್ಕು ಅಂತಸ್ತು ಏರಿಸುವುದಾಗಲಿ ಯಾವ ಪಾಲನೆಯಿಂದಲೂ ಸರಿಪಡಿಸಲಾಗದ ಅಪಚಾರಗಳು.

ಹೊಸ ಕಟ್ಟಡಕ್ಕೆ ಹಣ ಮಂಜೂರು ಮಾಡುವ ಸಂಸ್ಥೆಗಳು ಅದರ ಪಾಲನೆಗೆಂದು ಪ್ರತಿ ವರ್ಷ ಪ್ರತ್ಯೇಕವಾದ ಮೊತ್ತವನ್ನು ಕಾದಿರಿಸುವುದು, ನಕ್ಷೆಗಳನ್ನೂ ದುರಸ್ತಿಯ ವಿವರಗಳನ್ನೂ ಒಂದೇ ಕಡತದಲ್ಲಿ ಜೋಪಾನವಾಗಿಡುವುದು, ಗಾರೆ ಕೆಲಸದವರಿಗೂ ಮೇಸ್ತ್ರಿಗಳಿಗೂ ದುರಸ್ತಿಯ ಕ್ರಮದಲ್ಲಿ ತರಬೇತಿ ಕೊಡುವುದು ಇಂದಿನ ಅಗತ್ಯವಾಗಿದೆ. ಒಂದು ಚೀಲ ಸಿಮೆಂಟಿನ ತಯಾರಿಕೆಗೆ ಸುಣ್ಣಕಲ್ಲು ಸುಡಬೇಕು, ಇಂಧನ ಉರಿಯಬೇಕು. ಒಂದು ಗಾಡಿ ಮರಳಿಗೆ ನದಿಯನ್ನು ಬಗೆಯಬೇಕು, ಇಲ್ಲವೇ ಬೆಟ್ಟದ ಕಲ್ಲನ್ನು ಪುಡಿಮಾಡಬೇಕು. ಇಷ್ಟು ಬೆಲೆ ತೆತ್ತು ಕಟ್ಟಿದ್ದನ್ನು ಮೂವತ್ತು ನಲವತ್ತು ವರ್ಷಗಳಲ್ಲಿ ಕೆಡವಿ ಮತ್ತೆ ಕಟ್ಟುವುದಕ್ಕಿಂತ, ಇರುವುದನ್ನು ನೂರು ವರ್ಷ ಬಾಳಿಸುವುದು ಆರ್ಥಿಕವಾಗಿಯೂ ಪರಿಸರದ ದೃಷ್ಟಿಯಿಂದಲೂ ಶ್ರೇಯಸ್ಕರ. ಕಟ್ಟುವ ಕೌಶಲಕ್ಕೆ ಸಲ್ಲುವ ಗೌರವವು ಉಳಿಸಿಕೊಳ್ಳುವ ಕೌಶಲಕ್ಕೂ ಸಲ್ಲಬೇಕು. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ಕಾಲೇಜುಗಳು ಅದನ್ನು ತಮ್ಮ ಪಾಠದ ಮುಖ್ಯ ಭಾಗವನ್ನಾಗಿಯೂ, ಮನೆಯ ಯಜಮಾನರು ಅದನ್ನು ವರ್ಷದ ಖರ್ಚಿನ ಒಂದು ಬಾಬ್ತನ್ನಾಗಿಯೂ ಸ್ವೀಕರಿಸಿದರೆ ಈಗಿರುವ ಕಟ್ಟಡಗಳಲ್ಲಿ ಬಹುಪಾಲು ಮುಂದಿನ ತಲೆಮಾರಿಗೂ ನೆರಳಾಗಿ ಒದಗುತ್ತವೆ.